ಹಳೆಯ ಜೀಪಿಗೆ ಹೊಸ ಎಂಜಿನ್: ಶಕ್ತಿ ಬಂದಿತು, ಹಿಡಿತ ಎಲ್ಲಿ?

ಮಡಿಕೇರಿ, ಸಕಲೇಶಪುರ, ಮೂಡಿಗೆರೆ, ಕಳಸ. ಈ ಊರುಗಳ ಯಾವ ಬೀದಿಯಲ್ಲಿ ನಿಂತರೂ ತಪ್ಪದೆ ಕಣ್ಣಿಗೆ ಬೀಳುವ ವಾಹನವೆಂದರೆ ಜೀಪು. ತೋಟದ ಗೊಬ್ಬರದಿಂದ ಹಿಡಿದು ಕಾಫಿ ಮೂಟೆ, ಕೂಲಿಯಾಳು, ಶಾಲೆಯ ಮಕ್ಕಳವರೆಗೆ ಎಲ್ಲವನ್ನೂ ಹೊತ್ತು ತಿರುಗಿದ ವಾಹನವಿದು. ಮಂಡಲಪಟ್ಟಿಯಂತಹ ಬೆಟ್ಟಗಳಿಗೆ ಪ್ರವಾಸಿಗರನ್ನು ಹತ್ತಿಸುವ ಕೆಲಸವೂ ಇಂದು ಇದರದೇ. ಇವುಗಳಲ್ಲಿ ಎಷ್ಟೋ ಜೀಪುಗಳ ವಯಸ್ಸು ಅವನ್ನು ಓಡಿಸುವ ಚಾಲಕರ ವಯಸ್ಸಿಗಿಂತ ಹೆಚ್ಚು.

ಆದರೆ ಬಾನೆಟ್ ಎತ್ತಿ ನೋಡಿದರೆ ಕಥೆ ಬೇರೆಯೇ ಇರುತ್ತದೆ. ಹೊರಗೆ ಐವತ್ತು ವರ್ಷದ ಹಿಂದಿನ ಜೀಪು, ಒಳಗೆ ನಿನ್ನೆ ಮೊನ್ನೆಯ ಟರ್ಬೊ ಡೀಸೆಲ್ ಎಂಜಿನ್. ಈಗ ಈ ಹವ್ಯಾಸ ತೋಟದ ಮಾಲೀಕರನ್ನು ದಾಟಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಯುವ ಉದ್ಯೋಗಿಗಳನ್ನೂ ತಲುಪಿದೆ. ವಾರದ ಐದು ದಿನ ಗಣಕಯಂತ್ರದ ಮುಂದೆ ಕುಳಿತವರು ಆರನೆಯ ದಿನ ಹಳೆಯ ಜೀಪಿನಲ್ಲಿ ಘಾಟಿ ಏರಲು ಹೊರಡುತ್ತಾರೆ. ‘ಎಂಜಿನ್ ಬದಲಿಸಿದ್ದೇವೆ, ಈಗ ಕಾರಿನಂತೆ ಓಡುತ್ತದೆ’ ಎಂಬುದು ಅವರ ಹೆಮ್ಮೆಯ ಮಾತು. ಕಾರಿನಂತೆ ಓಡುವುದೇನೋ ನಿಜ. ಆದರೆ ಅದು ಕಾರಿನಂತೆ ತಿರುಗುವುದೆ, ಕಾರಿನಂತೆ ನಿಲ್ಲುವುದೆ ಎಂಬುದೇ ಪ್ರಶ್ನೆ.

ಮೂಲ ಜೀಪು ಯಾವುದಕ್ಕಾಗಿ ಹುಟ್ಟಿತು?

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ ತಯಾರಾದ ಅಮೆರಿಕದ ವಿಲ್ಲೀಸ್ ಎಂಬಿ ಈ ವಂಶದ ಮೂಲಪುರುಷ. ಅದರ 2.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಶಕ್ತಿ 60 ಅಶ್ವಶಕ್ತಿ ಮಾತ್ರ. ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಣ ಅಂತರ, ಅಂದರೆ ವೀಲ್‌ಬೇಸ್, 80 ಅಂಗುಲ. ಮೀಟರ್ ಲೆಕ್ಕದಲ್ಲಿ ಎರಡಕ್ಕಿಂತ ತುಸು ಹೆಚ್ಚು. ಮುಂದೆಯೂ ಹಿಂದೆಯೂ ಒಂದೇ ತುಂಡಿನ ಗಟ್ಟಿ ಆಕ್ಸಲ್. ಅದರ ಮೇಲೆ ಕಮಾನು ಪಟ್ಟಿಗಳು. ಹಳ್ಳ, ಕೆಸರು, ಬಂಡೆಗಳನ್ನು ನಿಧಾನವಾಗಿ ದಾಟುವುದು ಈ ವಾಹನದ ಮುಖ್ಯ ಕರ್ತವ್ಯವಾಗಿತ್ತು. ಹೆದ್ದಾರಿಯ ವೇಗ ವಿನ್ಯಾಸಕಾರರ ಮನಸ್ಸಿನಲ್ಲಿ ಇರಲಿಲ್ಲ.

1953ರಲ್ಲಿ ಬಂದ ಸಿಜೆ-3ಬಿ ಮಾದರಿಗೆ ‘ಹರಿಕೇನ್’ ಎಂಬ ಹೊಸ ಎಂಜಿನ್ ಅಳವಡಿಸಲಾಯಿತು. ಅದರ ಎತ್ತರ ಹಿಂದಿನದಕ್ಕಿಂತ ಹೆಚ್ಚಾಗಿದ್ದುದರಿಂದ ಬಾನೆಟ್ಟನ್ನೇ ಮೇಲೆತ್ತಬೇಕಾಯಿತು. ಮಹೀಂದ್ರ ಸಂಸ್ಥೆಯು ಪರವಾನಗಿ ಪಡೆದು ಭಾರತದಲ್ಲಿ ದಶಕಗಳ ಕಾಲ ತಯಾರಿಸಿದ್ದು ಈ ಎತ್ತರದ ಮೂಗಿನ ಜೀಪನ್ನೇ. ಮುಂದೆ ಪೆಟ್ರೋಲು ದುಬಾರಿಯಾದಾಗ ಡೀಸೆಲ್ ಎಂಜಿನ್ನುಗಳು ಬಂದವು. 1979ರಲ್ಲಿ ಫ್ರಾನ್ಸಿನ ಪ್ಯೂಜೋ ಸಂಸ್ಥೆಯ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ನಿಗಾಗಿ ಮಹೀಂದ್ರ ತಾಂತ್ರಿಕ ಒಪ್ಪಂದ ಮಾಡಿಕೊಂಡಿತು. ಎಂಎಂ 540 ಮೊದಲಾದ ಜೀಪುಗಳಲ್ಲಿ ಮಿಡಿದದ್ದು ಅದೇ ಎಂಜಿನ್.

ಎಂದರೆ ಜೀಪಿನ ಚರಿತ್ರೆಯೇ ಎಂಜಿನ್ ಬದಲಾವಣೆಯ ಚರಿತ್ರೆ. ಕಾರ್ಖಾನೆಯೇ ಮಾಡಿದ ಕೆಲಸವನ್ನು ಗ್ಯಾರೇಜಿನಲ್ಲಿ ಮಾಡಿದರೆ ತಪ್ಪೇನು ಎಂದು ಹವ್ಯಾಸಿಗಳು ಕೇಳುವುದು ಸಹಜ. ವ್ಯತ್ಯಾಸ ಇರುವುದು ಎಂಜಿನ್ನಿನ ಸುತ್ತ ನಡೆಯುವ ಉಳಿದ ಕೆಲಸದಲ್ಲಿ.

ಬದಲಿಸಲು ಕಾರಣಗಳು

ಸವೆದ ಹಳೆಯ ಎಂಜಿನ್ನಿಗೆ ಬಿಡಿಭಾಗ ಹುಡುಕುವುದು ಕಷ್ಟ. ಸಿಕ್ಕರೂ ಅವುಗಳ ಗುಣಮಟ್ಟದ ಭರವಸೆ ಇಲ್ಲ. ಹಳೆಯ ಪೆಟ್ರೋಲ್ ಎಂಜಿನ್ನಿನ ದಾಹವೂ ದೊಡ್ಡದು. ಘಾಟಿಯಲ್ಲಿ ಹಿಂದೆ ಸಾಲುಗಟ್ಟಿದ ವಾಹನಗಳ ಹಾರ್ನ್ ಕೇಳುತ್ತ ಏದುಸಿರು ಬಿಡುತ್ತ ಏರುವುದು ಯಾರಿಗೂ ಹಿತವಲ್ಲ. ಹಾಗಾಗಿ ಗುಜರಿಗೆ ಬಂದ ಅಥವಾ ಅಪಘಾತಕ್ಕೀಡಾದ ಬೇರೆ ವಾಹನದ ಎಂಜಿನ್ ತಂದು ಕೂರಿಸುವ ಪದ್ಧತಿ ಬೆಳೆಯಿತು. ಟೊಯೋಟಾ ಕ್ವಾಲಿಸ್‌ನ 2.4 ಲೀಟರ್ ಡೀಸೆಲ್, ಮಹೀಂದ್ರದ್ದೇ ಆದ ಡಿಐ ಹಾಗೂ ಸಿಆರ್‌ಡಿಇ ಎಂಜಿನ್ನುಗಳು ಹವ್ಯಾಸಿಗಳ ಬಾಯಲ್ಲಿ ಆಗಾಗ ಕೇಳಿಬರುವ ಹೆಸರುಗಳು.

ಇವುಗಳ ಬಲವನ್ನು ಅಂಕಿಗಳಲ್ಲಿ ನೋಡೋಣ. ಹರಿಕೇನ್ ಎಂಜಿನ್ನಿನ ತಿರುಗುಬಲ, ಅಂದರೆ ಟಾರ್ಕ್, ಸುಮಾರು 155 ನ್ಯೂಟನ್ ಮೀಟರ್. ಕ್ವಾಲಿಸ್ ಎಂಜಿನ್ನಿನದು ಸುಮಾರು 151. ಬಹುತೇಕ ಸಮಾನ. ಈ ಬದಲಾವಣೆಯಿಂದ ದೊರೆಯುವುದು ನಂಬಿಕೆ ಮತ್ತು ಇಂಧನದ ಉಳಿತಾಯ, ಬಲ ಹೆಚ್ಚುವುದಿಲ್ಲ. ಆದರೆ 2010ರಲ್ಲಿ ಬಿಡುಗಡೆಯಾದ ಮೊದಲ ತಲೆಮಾರಿನ ಥಾರ್‌ನಲ್ಲಿದ್ದ 2.5 ಲೀಟರ್ ಸಿಆರ್‌ಡಿಇ ಎಂಜಿನ್ನಿನ ಟಾರ್ಕ್ 247 ನ್ಯೂಟನ್ ಮೀಟರ್, ಶಕ್ತಿ 105 ಅಶ್ವಶಕ್ತಿ. ಮೂಲಕ್ಕಿಂತ ಶೇ. 60ರಷ್ಟು ಹೆಚ್ಚು ಬಲ!

ಈ ಹೆಚ್ಚುವರಿ ಬಲ ಎಂಜಿನ್ನಿನಲ್ಲೇ ಉಳಿಯುವುದಿಲ್ಲ. ಸಿಜೆ-3ಬಿಯ ಮೂರು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರಿನ ಅನುಪಾತ ಸುಮಾರು 2.8, ಟ್ರಾನ್ಸ್‌ಫರ್ ಕೇಸಿನ ‘ಲೋ’ ಅನುಪಾತ 2.46, ಆಕ್ಸಲ್‌ನದು 5.38. ಮೂರನ್ನೂ ಗುಣಿಸಿದರೆ 37 ಬರುತ್ತದೆ. ಎಂದರೆ ಎಂಜಿನ್ನಿನ ಬಲ ಚಕ್ರ ತಲುಪುವಷ್ಟರಲ್ಲಿ 37 ಪಟ್ಟಾಗುತ್ತದೆ. ಮೂಲ ಎಂಜಿನ್ನಿನಲ್ಲಿ ಇದು ಸುಮಾರು 5,700 ನ್ಯೂಟನ್ ಮೀಟರ್. ಅದೇ ಹಲ್ಲುಗಳ ಮೂಲಕ ಹೊಸ ಎಂಜಿನ್ನಿನ ಬಲ ಹರಿಸಿದರೆ 9,100 ದಾಟುತ್ತದೆ. ಸವೆದ ಗೇರು, ಹಳೆಯ ಆಕ್ಸಲ್ ಷಾಫ್ಟ್, ಯೂನಿವರ್ಸಲ್ ಜಾಯಿಂಟುಗಳು ಈ ಬಲವನ್ನು ತಡೆಯಬೇಕು. ಕೆಸರಿನಲ್ಲಿ ಸಿಕ್ಕಿಬಿದ್ದಾಗ ಒಮ್ಮೆಲೇ ಕ್ಲಚ್ ಬಿಟ್ಟು ಷಾಫ್ಟ್ ತುಂಡರಿಸಿಕೊಂಡವರಿಗೆ ಈ ಲೆಕ್ಕದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ವೇಗದ ಲೆಕ್ಕಾಚಾರ

ಹಳೆಯ ಜೀಪಿಗೆ ತನ್ನದೇ ಆದ ಒಂದು ಕಡಿವಾಣವಿತ್ತು. 6.00-16 ಅಳತೆಯ ಟೈರಿನ ವ್ಯಾಸ ಸುಮಾರು 28.5 ಅಂಗುಲ. ಅದು ಒಂದು ಸುತ್ತು ತಿರುಗಿದರೆ ಜೀಪು 2.27 ಮೀಟರ್ ಮುಂದೆ ಸಾಗುತ್ತದೆ. 5.38 ಅನುಪಾತದ ಆಕ್ಸಲ್ ಇದ್ದಾಗ ಗಂಟೆಗೆ 80 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3,150 ಸುತ್ತು ತಿರುಗಬೇಕು, 100 ಕಿ.ಮೀ.ಗೆ ಸುಮಾರು 3,950. ಹರಿಕೇನ್ ತನ್ನ ಪೂರ್ಣ ಶಕ್ತಿ ನೀಡುವುದೇ 4,000 ಸುತ್ತಿನಲ್ಲಿ. ಆದ್ದರಿಂದ 70–80ರ ಆಚೆಗೆ ಎಂಜಿನ್ನಿನ ಅಬ್ಬರವೇ ಚಾಲಕನ ಕಾಲನ್ನು ಆಕ್ಸಿಲರೇಟರ್‌ನಿಂದ ಹಿಂದಕ್ಕೆಳೆಯುತ್ತಿತ್ತು.

ಈಗ ಹೊಸ ಎಂಜಿನ್ನಿನ ಜೊತೆಗೆ ಅದರದೇ ಐದು ಗೇರಿನ ಪೆಟ್ಟಿಗೆಯೂ ಬರುತ್ತದೆ. ಐದನೆಯದು ಓವರ್‌ಡ್ರೈವ್. ಅದರ ಅನುಪಾತ 0.8 ಎಂದಿಟ್ಟುಕೊಂಡರೆ 80 ಕಿ.ಮೀ. ವೇಗದಲ್ಲಿ ಎಂಜಿನ್ ಕೇವಲ 2,530 ಸುತ್ತಿನಲ್ಲಿ ಹಾಯಾಗಿ ಗುನುಗುತ್ತದೆ. 3,800 ಸುತ್ತಿಗೆ ಏರಿಸಿದರೆ ಲೆಕ್ಕದ ಪ್ರಕಾರ ವೇಗ 120! ದೇಹದ ಉಳಿದ ಭಾಗಗಳೆಲ್ಲ 80ಕ್ಕೆ ಒಗ್ಗಿದ ವಾಹನ ಈಗ 120ಕ್ಕೆ ಸಿದ್ಧ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 80ರಲ್ಲಿ ಬ್ರೇಕು ನುಂಗಬೇಕಾದ ಶಕ್ತಿಗಿಂತ 120ರಲ್ಲಿ ನುಂಗಬೇಕಾದದ್ದು ಎರಡೂಕಾಲು ಪಟ್ಟು.

ದೊಡ್ಡ ಟೈರು ಹಾಕಿದವರು ಇನ್ನೊಂದು ಸಂಗತಿ ಗಮನಿಸಬೇಕು. 31 ಅಂಗುಲದ ಟೈರು ಮೂಲಕ್ಕಿಂತ ಸುಮಾರು ಶೇ. 9ರಷ್ಟು ದೊಡ್ಡದು. ಮೂಲ ಟೈರಿಗೆ ಹೊಂದಿಸಿದ ಸ್ಪೀಡೋಮೀಟರ್ 70 ತೋರಿಸುವಾಗ ನಿಜವಾದ ವೇಗ 76ರ ಹತ್ತಿರ ಇರುತ್ತದೆ.

ಬ್ರೇಕು: ಮೊದಲು ನಿಲ್ಲಲಿ, ಆಮೇಲೆ ಓಡಲಿ

ಮೂಲ ವಿಲ್ಲೀಸ್ ಜೀಪಿನ ನಾಲ್ಕೂ ಚಕ್ರಗಳಿಗೆ ಇದ್ದುದು 9 ಅಂಗುಲದ ಡ್ರಮ್ ಬ್ರೇಕು. ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಸರ್ಕ್ಯೂಟ್ ಒಂದೇ. ಯಾವುದಾದರೂ ಒಂದು ಪೈಪು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೇ ಇಲ್ಲವಾಗುತ್ತದೆ. ಡ್ರಮ್ಮಿನೊಳಗೆ ನೀರು ಹೊಕ್ಕರೆ ಹಿಡಿತ ಕುಗ್ಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಹಳ್ಳ ದಾಟಿದ ಮೇಲೆ ಬ್ರೇಕನ್ನು ಎರಡು ಮೂರು ಬಾರಿ ಒತ್ತಿ ಒಣಗಿಸಿಕೊಳ್ಳುವುದು ಹಳೆಯ ಚಾಲಕರಿಗೆ ರೂಢಿಯಾಗಿತ್ತು. ಉದ್ದನೆಯ ಇಳಿಜಾರಿನಲ್ಲಿ ಡ್ರಮ್ಮು ಕಾದರೂ ಇದೇ ಪಾಡು.

ಹಳೆಯ ಜೀಪು ಘಾಟಿ ಇಳಿಯುವಾಗ ಕೆಳಗಿನ ಗೇರು ಎಂಜಿನ್ನನ್ನೇ ಬ್ರೇಕಾಗಿ ಮಾಡಿಕೊಳ್ಳುತ್ತಿತ್ತು. ಓವರ್‌ಡ್ರೈವ್ ಗೇರಿನಲ್ಲಿ ಇಳಿದರೆ ಆ ಸಹಾಯ ಕಡಿಮೆಯಾಗುತ್ತದೆ. ಅಷ್ಟೂ ಹೊರೆ ಬ್ರೇಕ್ ಶೂಗಳ ಮೇಲೆ ಬೀಳುತ್ತದೆ. ಆಗುಂಬೆಯ ಹಿಮ್ಮುರಿ ತಿರುವುಗಳಲ್ಲಿ ಇದರ ಪರಿಣಾಮ ಏನಾದೀತೆಂದು ಊಹಿಸಬಹುದು.

ಇನ್ನೊಂದು ಸೂಕ್ಷ್ಮವಿದೆ. ಪೆಟ್ರೋಲ್ ಎಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆಯಲ್ಲಿ ತಾನಾಗಿಯೇ ನಿರ್ವಾತ ಉಂಟಾಗುತ್ತದೆ. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಆ ನಿರ್ವಾತದಿಂದಲೇ. ಡೀಸೆಲ್ ಎಂಜಿನ್ನಿನಲ್ಲಿ ಹಾಗೆ ದೊರೆಯುವುದಿಲ್ಲ. ಅದಕ್ಕೆ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಬೇಕು. ಅನೇಕ ಎಂಜಿನ್ನುಗಳಲ್ಲಿ ಅದು ಆಲ್ಟರ್ನೇಟರ್‌ನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಎಂಜಿನ್ ಕೂರಿಸುವಾಗ ಈ ಪಂಪನ್ನು ಬಿಟ್ಟರೆ ಅಥವಾ ಅದರ ಪೈಪನ್ನು ಸರಿಯಾಗಿ ಜೋಡಿಸದಿದ್ದರೆ ಬ್ರೇಕ್ ಪೆಡಲು ಕಲ್ಲಾಗುತ್ತದೆ.

ಎಂಜಿನ್ನಿಗಿಂತ ಮೊದಲು ಆಗಬೇಕಾದ ಕೆಲಸಗಳು ಹೀಗಿವೆ: ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಮುಂದೆ ಹಿಂದೆ ಪ್ರತ್ಯೇಕ ಸರ್ಕ್ಯೂಟ್ ಇರುವ ಮಾಸ್ಟರ್ ಸಿಲಿಂಡರ್, ಸರಿಯಾದ ಅಳತೆಯ ಬೂಸ್ಟರ್. ಮುಂದಿನ ಮತ್ತು ಹಿಂದಿನ ಬ್ರೇಕುಗಳ ಸಮತೋಲವೂ ಮುಖ್ಯ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ. ಗಿಡ್ಡ ವೀಲ್‌ಬೇಸಿನ ವಾಹನದಲ್ಲಿ ಈ ವಾಲುವಿಕೆ ಇನ್ನೂ ಹೆಚ್ಚು. ಆಗ ಹಗುರವಾದ ಹಿಂದಿನ ಚಕ್ರಗಳು ಮೊದಲೇ ಲಾಕ್ ಆದರೆ ಜೀಪು ಬುಗುರಿಯಂತೆ ತಿರುಗಿಬಿಡುತ್ತದೆ.

ಸ್ಟೀರಿಂಗ್ ಕೈಯಲ್ಲಿ, ಚಕ್ರ ಎಲ್ಲೋ

ಹಳೆಯ ಜೀಪನ್ನು 60ರ ವೇಗದಲ್ಲಿ ಓಡಿಸಿದವರಿಗೆ ಗೊತ್ತು: ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ಆಚೀಚೆ ಸಣ್ಣಗೆ ಆಡಿಸುತ್ತಲೇ ಇರಬೇಕು. ಇದಕ್ಕೆ ಕಾರಣ ಅದರ ರಚನೆ. ಸ್ಟೀರಿಂಗ್ ಬಾಕ್ಸಿನಿಂದ ಹೊರಟ ಚಲನೆ ಡ್ರ್ಯಾಗ್ ಲಿಂಕಿನ ಮೂಲಕ ಮುಂಭಾಗದ ಬೆಲ್‌ಕ್ರ್ಯಾಂಕಿಗೆ, ಅಲ್ಲಿಂದ ಟೈರಾಡ್‌ಗಳ ಮೂಲಕ ಚಕ್ರಗಳಿಗೆ ಹೋಗುತ್ತದೆ. ದಾರಿಯಲ್ಲಿ ಸಿಗುವ ಪ್ರತಿಯೊಂದು ಕೀಲಿನಲ್ಲೂ ಕೂದಲೆಳೆಯಷ್ಟು ಸವೆತವಿದ್ದರೆ ಸಾಕು, ಎಲ್ಲವೂ ಕೂಡಿ ಸ್ಟೀರಿಂಗ್ ಚಕ್ರದಲ್ಲಿ ಎರಡು ಮೂರು ಅಂಗುಲದ ‘ಪ್ಲೇ’ ಆಗುತ್ತದೆ. 40ರ ವೇಗದಲ್ಲಿ ಇದು ಕಿರಿಕಿರಿ, 90ರಲ್ಲಿ ಅಪಾಯ.

ಜೀಪನ್ನು ಎತ್ತರಿಸುವವರು ಈ ತೊಂದರೆಯನ್ನು ಹೆಚ್ಚಿಸಿಕೊಳ್ಳುತ್ತಾರೆ. ಬೆಲ್‌ಕ್ರ್ಯಾಂಕ್ ಚಾಸಿಗೆ ಜೋಡಿಸಿದ್ದು, ಚಕ್ರಗಳು ಆಕ್ಸಲ್‌ಗೆ ಸೇರಿದ್ದು. ಕಮಾನು ಎತ್ತರಿಸಿದರೆ ಇವೆರಡರ ನಡುವಿನ ರಾಡು ಓರೆಯಾಗುತ್ತದೆ. ಆಗ ಗುಂಡಿಗೆ ಇಳಿದು ಎದ್ದಾಗಲೆಲ್ಲ ಚಾಲಕ ಕೈ ಅಲುಗಿಸದಿದ್ದರೂ ಚಕ್ರ ತಾನೇ ತಿರುಗುತ್ತದೆ. ಇನ್ನು ಕಿಂಗ್‌ಪಿನ್ನಿನ ಓರೆ ಕೋನ, ಅಂದರೆ ಕ್ಯಾಸ್ಟರ್. ತಿರುವಿನ ನಂತರ ಚಕ್ರ ತಾನಾಗಿ ನೇರವಾಗುವುದು ಈ ಕೋನದಿಂದ. ಶ್ಯಾಕಲ್ ಉದ್ದ ಮಾಡಿದರೆ ಅಥವಾ ಕಮಾನಿನ ಕೆಳಗೆ ತುಂಡು ಕೊಟ್ಟರೆ ಈ ಕೋನ ಬದಲಾಗುತ್ತದೆ.

ಕ್ಯಾಸ್ಟರ್ ಕೆಟ್ಟು, ಕಿಂಗ್‌ಪಿನ್ ಬೇರಿಂಗ್ ಸಡಿಲವಾಗಿ, ಟೈರಿನ ಸಮತೋಲವೂ ತಪ್ಪಿದ್ದರೆ ಒಂದು ನಿರ್ದಿಷ್ಟ ವೇಗದಲ್ಲಿ ಸಣ್ಣ ಗುಂಡಿ ಸಿಕ್ಕಿದೊಡನೆ ಮುಂದಿನ ಚಕ್ರಗಳು ಭಯಂಕರವಾಗಿ ಅಲುಗಾಡತೊಡಗುತ್ತವೆ. ಅಮೆರಿಕದ ಜೀಪು ಪ್ರಿಯರು ಇದನ್ನು ‘ಡೆತ್ ವಾಬಲ್’ ಎನ್ನುತ್ತಾರೆ. ಸ್ಟೀರಿಂಗ್ ಕೈಗೆ ನಿಲ್ಲುವುದಿಲ್ಲ. ವೇಗ ಇಳಿಸಿದ ಹೊರತು ನಡುಕವೂ ನಿಲ್ಲುವುದಿಲ್ಲ. ಸ್ಟೀರಿಂಗ್ ಡ್ಯಾಂಪರ್ ಹಾಕಿ ಇದನ್ನು ಮುಚ್ಚಿಡಬಹುದು. ಆದರೆ ಅದು ಜ್ವರದ ಕಾರಣ ಹುಡುಕದೆ ಮಾತ್ರೆ ನುಂಗಿದಂತೆ.

ಪವರ್ ಸ್ಟೀರಿಂಗ್ ಅಳವಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತೋಳಿನ ಶ್ರಮ ತಗ್ಗಿಸುತ್ತದೆಯೇ ಹೊರತು ಸವೆದ ಕೀಲನ್ನು ಬಿಗಿ ಮಾಡುವುದಿಲ್ಲ. ಬದಲಿಗೆ ಕೀಲಿನ ಸವೆತ ಕೈಗೆ ತಿಳಿಯದಂತೆ ಮಾಡುವ ಸಾಧ್ಯತೆಯೇ ಹೆಚ್ಚು.

ಮಗುಚುವ ಗಣಿತ

ವಾಹನ ತಿರುವಿನಲ್ಲಿ ಮಗುಚುವುದೋ ಜಾರುವುದೋ ಎಂಬುದನ್ನು ಎರಡು ಅಳತೆಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ: ಎಡ–ಬಲ ಚಕ್ರಗಳ ನಡುವಿನ ಅಗಲ, ಮತ್ತು ಗುರುತ್ವಕೇಂದ್ರದ ಎತ್ತರ. ಅಗಲದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ ಎಷ್ಟು ದೊಡ್ಡದೋ ವಾಹನ ಅಷ್ಟು ಸ್ಥಿರ. ಹಳೆಯ ಜೀಪಿನ ಅಗಲ ಸುಮಾರು 1.23 ಮೀಟರ್. ಜನ ಮತ್ತು ಸಾಮಾನು ಸೇರಿ ಗುರುತ್ವಕೇಂದ್ರ 0.65 ಮೀಟರ್ ಎತ್ತರದಲ್ಲಿದೆ ಎಂದು ಭಾವಿಸಿದರೆ ಈ ಸಂಖ್ಯೆ 0.95. ಜೀಪನ್ನು ಎತ್ತರಿಸಿ ಗುರುತ್ವಕೇಂದ್ರ 8 ಸೆಂಟಿಮೀಟರ್ ಮೇಲೇರಿತೆನ್ನಿ, ಸಂಖ್ಯೆ 0.84ಕ್ಕೆ ಇಳಿಯುತ್ತದೆ. 1.5 ಮೀಟರ್ ಅಗಲದ, 0.55 ಮೀಟರ್ ಎತ್ತರದ ಗುರುತ್ವಕೇಂದ್ರವಿರುವ ಕಾರಿನಲ್ಲಿ ಅದೇ ಸಂಖ್ಯೆ 1.36.

ಈಗ 30 ಮೀಟರ್ ತ್ರಿಜ್ಯದ ಒಂದು ಘಾಟಿ ತಿರುವನ್ನು ಕಲ್ಪಿಸಿಕೊಳ್ಳಿ. 40 ಕಿ.ಮೀ. ವೇಗದಲ್ಲಿ ಹೊರಕ್ಕೆ ತಳ್ಳುವ ಬಲ ವಾಹನದ ತೂಕದ 0.42 ಪಾಲು. 50ರಲ್ಲಿ 0.66. 60ರಲ್ಲಿ 0.94! ಕಾರು ಇನ್ನೂ ನೆಲಕಚ್ಚಿ ನಿಂತಿರುವಾಗ ಜೀಪು ಲೆಕ್ಕದ ಗಡಿಗೆ ಬಂದಿರುತ್ತದೆ. ಕಮಾನು ಬಾಗುವುದರಿಂದ, ಟೈರು ಒತ್ತಿಕೊಳ್ಳುವುದರಿಂದ ನಿಜವಾದ ಗಡಿ ಈ ಲೆಕ್ಕಕ್ಕಿಂತಲೂ ಕೆಳಗಿರುತ್ತದೆ.

ಇಲ್ಲಿ ಟೈರಿನ ಪಾತ್ರ ವಿಚಿತ್ರವಾದುದು. ಹಳೆಯ ಕಿರಿದಾದ ಟೈರುಗಳ ಹಿಡಿತ ಕಡಿಮೆ. ಆದ್ದರಿಂದ ಜೀಪು ಮಗುಚುವ ಮೊದಲೇ ಜಾರುತ್ತಿತ್ತು. ಜಾರುವುದೂ ಅಪಾಯವೇ, ಆದರೆ ಅದೊಂದು ಎಚ್ಚರಿಕೆಯೂ ಹೌದು. ಹಿಡಿತ ಹೆಚ್ಚಿರುವ ಆಧುನಿಕ ಟೈರು ಹಾಕಿದಾಗ ಆ ಎಚ್ಚರಿಕೆ ಇಲ್ಲವಾಗುತ್ತದೆ. ಟೈರು ಜಾರದೆ ನಿಲ್ಲುತ್ತದೆ, ಒಳಬದಿಯ ಚಕ್ರ ಮೇಲೇಳುತ್ತದೆ.

ಇದು ಕೇವಲ ಪುಸ್ತಕದ ಲೆಕ್ಕವಲ್ಲ. ಅಮೆರಿಕದಲ್ಲಿ ಸಿಜೆ-5 ಜೀಪು ಮಗುಚುವ ಪರೀಕ್ಷೆಗಳ ದೃಶ್ಯಗಳನ್ನು 1980ರ ಡಿಸೆಂಬರಿನಲ್ಲಿ ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಕಾರ್ಯಕ್ರಮ ಪ್ರಸಾರ ಮಾಡಿದಾಗ ದೊಡ್ಡ ಚರ್ಚೆಯಾಯಿತು. ಪರೀಕ್ಷೆ ನಡೆಸಿದ್ದು ಅಲ್ಲಿನ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ. ಪರೀಕ್ಷೆಯ ವಿಧಾನವನ್ನು ತಯಾರಕರು ಆಕ್ಷೇಪಿಸಿದ್ದುಂಟು. ಆದರೂ ಸಿಜೆ ಸರಣಿಯ ಸ್ಥಾನದಲ್ಲಿ ಮುಂದೆ ಬಂದ ರ‍್ಯಾಂಗ್ಲರ್ ಜೀಪು ಹಿಂದಿನದಕ್ಕಿಂತ ಅಗಲವಾಗಿಯೂ ತಗ್ಗಾಗಿಯೂ ಇತ್ತೆಂಬುದು ಗಮನಾರ್ಹ.

ಕೂರಿಸುವುದರಲ್ಲೇ ಇದೆ ಕೌಶಲ

ಎಂಜಿನ್ ಕೂರಿಸುವ ಕೆಲಸದಲ್ಲೂ ರಸ್ತೆಯ ನಡತೆಯನ್ನು ಕೆಡಿಸುವ ಅವಕಾಶಗಳು ಹೇರಳ. ಹೊಸ ಗೇರ್‌ಬಾಕ್ಸ್ ಉದ್ದವಾಗಿದ್ದರೆ ಹಿಂದಿನ ಪ್ರೊಪೆಲ್ಲರ್ ಷಾಫ್ಟ್ ಗಿಡ್ಡವಾಗುತ್ತದೆ. 80 ಅಂಗುಲದ ವೀಲ್‌ಬೇಸಿನಲ್ಲಿ ಅದು ಮೊದಲೇ ಗಿಡ್ಡ. ಇನ್ನಷ್ಟು ಗಿಡ್ಡವಾದರೆ ಅದರ ಓರೆ ಹೆಚ್ಚಿ, ಜಾಯಿಂಟುಗಳು ನಡುಗಿ, ಬೇಗನೆ ಸವೆಯುತ್ತವೆ. ಹಳೆಯ ಜೀಪಿನ ಟ್ರಾನ್ಸ್‌ಫರ್ ಕೇಸಿನಿಂದ ಹಿಂಬದಿಗೆ ಹೊರಡುವ ಷಾಫ್ಟ್ ನಡುವಿನಲ್ಲಿರದೆ ಒಂದು ಬದಿಗಿದೆ. ಹಿಂದಿನ ಆಕ್ಸಲ್‌ನ ಗುಂಡೂ ಅದೇ ಬದಿಗಿದೆ. ನಡುವಿನಿಂದ ಹೊರಡುವ ಬೇರೆ ಪೆಟ್ಟಿಗೆ ತಂದರೆ ಆಕ್ಸಲ್ಲನ್ನೂ ಬದಲಿಸಬೇಕಾಗುತ್ತದೆ.

ಭಾರವಾದ ಡೀಸೆಲ್ ಎಂಜಿನ್ ಮುಂದಿನ ಕಮಾನುಗಳನ್ನು ಕುಗ್ಗಿಸುತ್ತದೆ. ಪಟ್ಟಿ ಹೆಚ್ಚಿಸಿದರೆ ಜೀಪು ಗಡುಸಾಗಿ, ಗುಂಡಿಯಲ್ಲಿ ಚಕ್ರ ನೆಲ ಬಿಟ್ಟು ನೆಗೆಯುತ್ತದೆ. ನೆಲ ಬಿಟ್ಟ ಟೈರು ತಿರುಗಿಸಲಾರದು, ನಿಲ್ಲಿಸಲೂ ಆರದು. ಚಾಸಿಯ ಮೇಲೆ ಹೊಸ ಮೌಂಟಿಂಗ್ ವೆಲ್ಡ್ ಮಾಡುವಾಗ ತುಕ್ಕು ತಿಂದ ಭಾಗಕ್ಕೆ ಬೆಸೆದರೆ ಅಲ್ಲಿಯೇ ಬಿರುಕು ಹುಟ್ಟುತ್ತದೆ. ಕಾಮನ್ ರೇಲ್ ಎಂಜಿನ್ನಾದರೆ ಕಂಪ್ಯೂಟರ್ ಪೆಟ್ಟಿಗೆ, ಸೆನ್ಸರ್‌ಗಳು, ವೈರಿಂಗ್, ಆಕ್ಸಿಲರೇಟರ್ ಪೆಡಲು ಎಲ್ಲವೂ ಜೊತೆಯಾಗಿಯೇ ಬರಬೇಕು. ಆ ಪೆಟ್ಟಿಗೆ ನೀರಿನಿಂದ ದೂರವಿರಬೇಕು. ರೇಡಿಯೇಟರು ಹೊಸ ಎಂಜಿನ್ನಿನ ಶಾಖಕ್ಕೆ ತಕ್ಕಂತಿರಬೇಕು.

ಕಾರ್ಖಾನೆಗಳು ಈ ಕೆಲಸವನ್ನು ಹೇಗೆ ಮಾಡುತ್ತವೆ ಎಂಬುದಕ್ಕೆ ಒಂದು ಉದಾಹರಣೆ ಇದೆ. 2018ರಲ್ಲಿ ಲ್ಯಾಂಡ್ ರೋವರ್ ಸಂಸ್ಥೆ ತನ್ನ 70ನೆಯ ವರ್ಷದ ನೆನಪಿಗೆ ಹಳೆಯ ವಿನ್ಯಾಸದ ಡಿಫೆಂಡರ್‌ಗೆ 5 ಲೀಟರ್‌ನ ವಿ8 ಪೆಟ್ರೋಲ್ ಎಂಜಿನ್ ಕೂರಿಸಿ 150 ವಾಹನಗಳನ್ನು ಮಾತ್ರ ತಯಾರಿಸುವುದಾಗಿ ಪ್ರಕಟಿಸಿತು. ಎಂಜಿನ್ನಿನ ಜೊತೆಗೆ ಎಂಟು ಗೇರಿನ ಆಟೋಮ್ಯಾಟಿಕ್ ಪೆಟ್ಟಿಗೆ, ಬಲಪಡಿಸಿದ ಬ್ರೇಕು, ಹೊಸ ಸ್ಪ್ರಿಂಗ್, ಡ್ಯಾಂಪರ್, ವಾಲುವಿಕೆ ತಡೆಯುವ ಆ್ಯಂಟಿ ರೋಲ್ ಬಾರ್‌ಗಳನ್ನೂ ಬದಲಿಸಿತು. ಎಂಜಿನ್ ಒಂದನ್ನೇ ಬದಲಿಸಿ ಕೈತೊಳೆದುಕೊಳ್ಳಲಿಲ್ಲ.

ಕಾನೂನು ಏನನ್ನುತ್ತದೆ?

ಇಷ್ಟೆಲ್ಲವನ್ನೂ ಸರಿಯಾಗಿ ಮಾಡಿದರೂ ಕಾನೂನಿನ ಬಾಗಿಲು ಉಳಿದಿದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ಎತ್ತಿಹಿಡಿಯಿತು. ಸಿಎನ್‌ಜಿ, ಬ್ಯಾಟರಿ ಮುಂತಾದ ಬೇರೆ ಇಂಧನಕ್ಕೆ ಬದಲಾಗಲು ಕಾಯ್ದೆಯಲ್ಲಿ ಷರತ್ತುಬದ್ಧ ಅವಕಾಶವಿದೆ. ಹಾಗೆಂದು ಗುಜರಿಯಿಂದ ತಂದ ಯಾವುದೋ ಎಂಜಿನ್ನನ್ನು ಕೂರಿಸಲು ಅದು ರಹದಾರಿಯಲ್ಲ.

2019ರ ತಿದ್ದುಪಡಿಯ ನಂತರ ಶಿಕ್ಷೆಯೂ ಕಠಿಣವಾಗಿದೆ. 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಟು ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ಎಂಜಿನ್ ಸಂಖ್ಯೆ ಆರ್.ಸಿ. ಪುಸ್ತಕದಲ್ಲಿರುವುದಕ್ಕೆ ತಾಳೆಯಾಗದಿದ್ದರೆ ಅಪಘಾತದ ವೇಳೆ ವಿಮಾ ಪರಿಹಾರವೂ ವಿವಾದಕ್ಕೆ ಸಿಲುಕಬಹುದು. ಎದುರಿನವರ ಪ್ರಾಣಹಾನಿಯಾದ ಪ್ರಕರಣದಲ್ಲಿ ಆ ಹೊರೆ ಒಂದು ಕುಟುಂಬವನ್ನೇ ಮುಳುಗಿಸಬಲ್ಲದು. ಆದ್ದರಿಂದ ಕೆಲಸಕ್ಕೆ ಕೈಹಾಕುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಲಿಖಿತ ಅನುಮತಿ ಪಡೆಯುವುದು ಕ್ಷೇಮ.

ನಿಜಕ್ಕೂ ಹಳೆಯದಾದ ಜೀಪು ಉಳ್ಳವರಿಗೆ ಇನ್ನೊಂದು ಇಕ್ಕಟ್ಟಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ ಮಾತ್ರ ಅದು ಅನ್ವಯ. ಚಾಸಿ, ದೇಹ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಟು ಆಗಿದ್ದರೆ ಆ ಅರ್ಹತೆ ಇಲ್ಲ. ಅರ್ಹತೆ ದೊರೆತರೂ ಅಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ ಮುಂತಾದ ಸಂದರ್ಭಗಳಲ್ಲಷ್ಟೇ ರಸ್ತೆಗಿಳಿಸಬಹುದು, ನಿತ್ಯದ ಓಡಾಟಕ್ಕಲ್ಲ. ಎಂದರೆ 1960ರ ದಶಕದ ಜೀಪಿಗೆ ಹೊಸ ಎಂಜಿನ್ ಕೂರಿಸುವ ಮಾಲೀಕರು ಅದರ ಪಾರಂಪರಿಕ ಮಾನ್ಯತೆಯನ್ನು ಬಿಟ್ಟುಕೊಡುತ್ತಿದ್ದಾರೆ. ಕಳಚಿದ ಮೂಲ ಎಂಜಿನ್ನನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ಬಲ್ಲವರು ಹೇಳುವುದು ಇದಕ್ಕೇ.

ಕೊಳ್ಳುವ ಮುನ್ನ

ಎಂಜಿನ್ ಬದಲಿಸಿದ ಜೀಪನ್ನು ಕೊಳ್ಳಲು ಹೊರಟ ಓದುಗರು ಕೆಲವು ಸರಳ ಪರೀಕ್ಷೆಗಳನ್ನು ತಾವೇ ಮಾಡಬಹುದು. ಮೊದಲು ಎಂಜಿನ್ ಹಾಗೂ ಚಾಸಿ ಸಂಖ್ಯೆಗಳನ್ನು ಆರ್.ಸಿ.ಯೊಂದಿಗೆ ಹೋಲಿಸಿರಿ. ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿರಿ. ಅಲುಗಿದರೆ ಕಿಂಗ್‌ಪಿನ್ ಅಥವಾ ಚಕ್ರದ ಬೇರಿಂಗ್ ಸವೆದಿದೆ. ಒಬ್ಬರು ಸ್ಟೀರಿಂಗ್ ಆಡಿಸುತ್ತಿರುವಾಗ ಇನ್ನೊಬ್ಬರು ಕೆಳಗೆ ಬಗ್ಗಿ ಯಾವ ಕೀಲಿನಲ್ಲಿ ಚಲನೆ ಕಳೆದುಹೋಗುತ್ತಿದೆ ಎಂದು ನೋಡಬಹುದು. ಎಂಜಿನ್ ಆರಿಸಿ ಬ್ರೇಕನ್ನು ಹಲವು ಬಾರಿ ಒತ್ತಿ, ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಎಂಜಿನ್ ಚಾಲೂ ಮಾಡಿರಿ. ಪೆಡಲು ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ಖಾಲಿ ರಸ್ತೆಯಲ್ಲಿ ಕಡಿಮೆ ವೇಗದಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಜೀಪು ಒಂದು ಬದಿಗೆ ಎಳೆಯಬಾರದು. ಚಾಸಿಯ ಬೆಸುಗೆಗಳಲ್ಲಿ ಹೊಸ ಬಣ್ಣ ಕಂಡರೆ ಅದರ ಕೆಳಗೆ ಏನಿದೆ ಎಂದು ಕೇಳಲು ಸಂಕೋಚ ಬೇಡ.

ಈಗಾಗಲೇ ಅಂತಹ ಜೀಪು ಇಟ್ಟುಕೊಂಡವರಿಗೂ ಇದೇ ಕ್ರಮ: ಮೊದಲು ಬ್ರೇಕು, ಆಮೇಲೆ ಸ್ಟೀರಿಂಗ್, ನಂತರ ಕಮಾನು ಮತ್ತು ಟೈರು, ಕೊನೆಗೆ ಎಂಜಿನ್. ಹಿಂಬದಿಯಲ್ಲಿ ಕೂರುವವರಿಗೆ ಗಟ್ಟಿಯಾದ ರೋಲ್ ಬಾರ್ ಮತ್ತು ಸೀಟ್ ಬೆಲ್ಟ್ ಇರಲೇಬೇಕು. ಕ್ಯಾನ್ವಾಸ್ ಹೊದಿಕೆ ಬಿಸಿಲು ಮಳೆ ತಡೆಯಬಲ್ಲದು, ಮಗುಚಿದ ಜೀಪಿನ ಭಾರವನ್ನು ತಡೆಯಲಾರದು.

ಹಳೆಯ ಜೀಪಿನ ಮೇಲಿನ ಪ್ರೀತಿ ತಪ್ಪಲ್ಲ. ಆ ವಾಹನ ನಮ್ಮ ಮಲೆನಾಡಿನ ದಾರಿಗಳನ್ನು ತೆರೆದದ್ದು. ಆದರೆ ಅದು ಆ ದಾರಿಗಳಲ್ಲಿ ನಿಧಾನವಾಗಿ ಸಾಗಿ ತೆರೆದದ್ದು. ಎಂಜಿನ್ ಎಷ್ಟೇ ಹೊಸದಾದರೂ ಚಾಸಿಯ ವಯಸ್ಸು ಇಳಿಯುವುದಿಲ್ಲ, ಘಾಟಿಯ ತಿರುವು ಅಗಲವಾಗುವುದಿಲ್ಲ. ಏರುವಾಗ ಹೊಸ ಎಂಜಿನ್ನಿನ ಬಲ ಬಳಸಿಕೊಳ್ಳಿರಿ. ಇಳಿಯುವಾಗ ಮಾತ್ರ ಹಳೆಯ ಜೀಪನ್ನೇ ಓಡಿಸುತ್ತಿದ್ದೀರೆಂಬ ನೆನಪಿರಲಿ.